ಸೂಜಿ–ಸಿರಿಂಜ್ ವಿನಿಮಯ, ಮಣಿಪುರದ

ಮಾದಕ ದ್ರವ್ಯ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಹರಡದಂತೆ, ಬಳಸಿದ ಸೂಜಿ, ಸಿರಿಂಜ್‌ಗಳನ್ನು ಹಿಂಪಡೆದು ಹೊಸದನ್ನು ಉಚಿತವಾಗಿ ನೀಡುವ ಸಮುದಾಯಾಧಾರಿತ ಆರೋಗ್ಯ ಕಾರ್ಯಕ್ರಮ. ಚಟ ಬಿಡುವವರೆಗೆ ಕಾಯದೆ ಅಪಾಯವನ್ನು ಇಳಿಸುವ ‘ಹಾನಿ ತಗ್ಗಿಸುವಿಕೆ’ ನೀತಿಗೆ ಸೇರಿದ್ದು.

ಮ್ಯಾನ್ಮಾರ್ ಗಡಿಯ ಈ ರಾಜ್ಯದಲ್ಲಿ 1980ರ ದಶಕದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವ ರೂಢಿ ಹಬ್ಬಿತು. 1989–90ರಲ್ಲಿ ಸೋಂಕು ಪತ್ತೆಯಾಗಿ, ಕೆಲವೇ ತಿಂಗಳಲ್ಲಿ ಪರೀಕ್ಷೆಗೊಳಗಾದ ಬಳಕೆದಾರರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಗಲಿತ್ತು. ಮೊದಲಿಗೆ ಅನುಸರಿಸಿದ ಬಂಧನದ ಹಾದಿ ಬಳಕೆದಾರರನ್ನು ಇನ್ನಷ್ಟು ಮರೆಗೆ ತಳ್ಳಿತು. ಇಂಥವರ ನೆರವಿಗೆ ಮಾಜಿ ಬಳಕೆದಾರರೇ 1991ರಲ್ಲಿ ಇಂಫಾಲದಲ್ಲಿ ‘ಸಾಸೋ’ ಸಂಸ್ಥೆಯನ್ನು ಕಟ್ಟಿದರು. 1996ರಲ್ಲಿ ಮಣಿಪುರ ಸರ್ಕಾರ ಹಾನಿ ತಗ್ಗಿಸುವಿಕೆಯನ್ನು ರಾಜ್ಯದ ಏಡ್ಸ್ ನೀತಿಗೆ ಸೇರಿಸಿತು.

ಕಾರ್ಯಕ್ರಮದ ಜೀವಾಳ ಸಹವರ್ತಿ ಕಾರ್ಯಕರ್ತರು, ಅಂದರೆ ಬಳಕೆದಾರರ ನಡುವಿನಿಂದಲೇ ಬಂದವರು; ಚುಚ್ಚಿಕೊಳ್ಳುವ ಅಡ್ಡೆಗಳ ಪರಿಚಯ, ಅಲ್ಲಿನವರ ನಂಬಿಕೆ ಎರಡೂ ಇವರಿಗೆ ಇರುತ್ತವೆ. ಬಳಸಿದ ಸೂಜಿಗಳನ್ನು ಚುಚ್ಚಿ ಹೊರಬರದಂಥ ಗಟ್ಟಿ ಡಬ್ಬದಲ್ಲಿ ಸಂಗ್ರಹಿಸುತ್ತಾರೆ. ಸೂಜಿಯಷ್ಟೇ ಅಲ್ಲದೆ, ಮದ್ದು ಕರಗಿಸುವ ಚಮಚ, ಸೋಸುವ ಹತ್ತಿ, ನೀರು ಇವುಗಳ ಹಂಚಿಕೆಯಿಂದಲೂ ಹೆಪಟೈಟಿಸ್ ಸಿ ಹರಡಬಲ್ಲದೆಂದು ತಿಳಿಸುತ್ತಾರೆ. ಕೇಂದ್ರಗಳಲ್ಲಿ ಕೀವುಗಟ್ಟಿದ ಗಾಯಗಳ ಆರೈಕೆ, ಎಚ್‌ಐವಿ ಪರೀಕ್ಷೆ, ಕಾಂಡೋಮ್ ವಿತರಣೆಯೂ ಉಂಟು. ಹೆರಾಯಿನ್‌ಗೆ ಬದಲಾಗಿ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ಸಿಬ್ಬಂದಿಯ ಎದುರಿನಲ್ಲೇ ನಾಲಿಗೆಯಡಿ ಇರಿಸಿಕೊಳ್ಳುವ ಚಿಕಿತ್ಸೆಯನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತ (2007–12) ಅಳವಡಿಸಿಕೊಂಡಿತು.

ಮಹಿಳಾ ಬಳಕೆದಾರರಿಗೆ ಸೇವೆ ಸಾಕಷ್ಟು ತಲುಪದಿರುವುದು ದೊಡ್ಡ ಕೊರತೆ. ಮಾದಕ ವಸ್ತುಗಳ 1985ರ ಕಾಯ್ದೆಯಡಿ ಸೇವನೆ ಅಪರಾಧವಾಗಿಯೇ ಉಳಿದಿದೆ. ಆದರೆ ಸೋಂಕು ತಡೆಗಾಗಿ ಶುದ್ಧ ಸೂಜಿ ವಿತರಿಸುವುದಕ್ಕೆ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017 ಕಾನೂನಿನ ರಕ್ಷಣೆ ನೀಡಿದೆ.