ತೆರೆಯ ಮೇಲಿನ ನೀರುಗುಳ್ಳೆ

ಹದಿನೆಂಟು, ಇಪ್ಪತ್ತನೇ ವಾರದ ಸ್ಕ್ಯಾನಿಂಗ್. ಅಲ್ಲಿಯವರೆಗೆ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾಗಿ, ಹೊಟ್ಟೆಯ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತಾರೆ. ಆ ಅರೆ ನಿಮಿಷ ಎಷ್ಟು ಉದ್ದ ಎಂಬುದು ಮಲಗಿದವಳಿಗೇ ಗೊತ್ತು. ಕೂಸಿನ ಮಿದುಳಿನಲ್ಲಿ ಒಂದು ಪುಟ್ಟ ನೀರುಗುಳ್ಳೆ ಕಂಡಿದೆ. ಬಹುಮಟ್ಟಿಗೆ ಅದು ಏನೂ ಅಲ್ಲ. ಹೇಳಬೇಕೆ, ಬಿಡಬೇಕೆ? ಬ್ರಿಟನ್ನಿನ ವೈದ್ಯರು ಈ ಪ್ರಶ್ನೆಯ ಜೊತೆ ಕಾಲು ಶತಮಾನ ಗುದ್ದಾಡಿದರು.

ಮೊದಲು ಯಂತ್ರದ ಕತೆ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದು ರೇಡಾರ್ ಬಲ್ಲವರಾಗಿದ್ದರು. 1955ರಲ್ಲಿ ಅವರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ಹೇರಿಕೊಂಡು ಬಾಯ್ಲರ್ ಕಾರ್ಖಾನೆಯೊಂದಕ್ಕೆ ಹೋದರು. ಲೋಹದಲ್ಲಿ ಬಿರುಕು ಹುಡುಕುವ ಯಂತ್ರಕ್ಕೆ ಮಾಂಸದೊಳಗಿನದು ಕಾಣುತ್ತದೆಯೇ ಎಂದು ನೋಡುವುದು ಅವರ ಇರಾದೆ. ಕಂಡಿತು. 1958ರಲ್ಲಿ ಅವರು ಜಾನ್ ಮ್ಯಾಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಜೊತೆ ಸೇರಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೇಖನ ಬರೆದರು. ದೋಷ ಹುಡುಕಲೆಂದೇ ಹುಟ್ಟಿದ ಯಂತ್ರವಿದು ಎಂಬುದು ನೆನಪಿರಲಿ.

ಯಂತ್ರದ ಕಣ್ಣು ಚುರುಕಾದಂತೆ, ಯಾರೂ ಕಂಡಿರದಿದ್ದ ಸಣ್ಣಪುಟ್ಟ ಸಂಗತಿಗಳು ತೆರೆಯ ಮೇಲೆ ಬರತೊಡಗಿದವು. ಮಿದುಳಿನ ಸುತ್ತಲಿನ ದ್ರವವನ್ನು ಒಸರಿಸುವ ಅಂಗಾಂಶದ ಹೆಸರು ಕೋರಾಯ್ಡ್ ಪ್ಲೆಕ್ಸಸ್. ಅದರಲ್ಲಿನ ಗುಳ್ಳೆಗಳನ್ನು 1984ರಲ್ಲಿ ಲಂಡನ್ನಿನ ತಂಡವೊಂದು ವರದಿ ಮಾಡಿದಾಗ ಶೀರ್ಷಿಕೆಯಲ್ಲೇ ಅವನ್ನು ತಾತ್ಕಾಲಿಕ ಎಂದು ಕರೆದಿತ್ತು. ಬರುತ್ತವೆ, ಹೋಗುತ್ತವೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಊರಿನ ಕಿಪ್ರೋಸ್ ನಿಕೊಲೈಡೀಸ್ ಮತ್ತು ಸಂಗಡಿಗರು ಇಂಥ ಗುಳ್ಳೆಗಳಿದ್ದ ಕೆಲವು ಕೂಸುಗಳಲ್ಲಿ ಟ್ರೈಸೋಮಿ 18 ಎಂಬ ಘೋರ ವರ್ಣತಂತು ದೋಷವನ್ನು ಕಂಡರು. ನಿರುಪದ್ರವಿ ಗುಳ್ಳೆ ಅಪಶಕುನವಾಯಿತು.

ಎಡವಟ್ಟಾದದ್ದು ಎಲ್ಲಿ ಎಂದು ಈಗ ಹೇಳುವುದು ಸುಲಭ. ದೊಡ್ಡ ಆಸ್ಪತ್ರೆಗೆ ಬಂದವರಲ್ಲಿ ಬಹಳ ಮಂದಿ ಮೊದಲೇ ಅನುಮಾನವಿದ್ದು ಕಳಿಸಲ್ಪಟ್ಟವರು. ಅಲ್ಲಿ ಕಂಡ ನಂಟನ್ನು ಎಲ್ಲ ಬಸುರಿಯರಿಗೂ ಅಂಟಿಸಲಾಯಿತು. ಆದರೆ ಈ ಗುಳ್ಳೆ ನೂರು ಆರೋಗ್ಯವಂತ ಕೂಸುಗಳಲ್ಲಿ ಸರಿಸುಮಾರು ಒಂದಕ್ಕೆ ಇರುತ್ತದೆ. ಟ್ರೈಸೋಮಿ 18 ಸಾವಿರಾರು ಕೂಸುಗಳಲ್ಲಿ ಒಂದಕ್ಕೆ. ಟ್ರೈಸೋಮಿ ಇರುವ ಕೂಸಿನಲ್ಲಿ ಬೇರೆ ದೋಷಗಳೂ ಸಾಮಾನ್ಯವಾಗಿ ಕಾಣುತ್ತವೆ. ಗುಳ್ಳೆಯೊಂದೇ ಇದ್ದರೆ ಹೆದರಲು ಕಾರಣ ಕಡಿಮೆ.

ಹೆದರಿಕೆ ಬರೀ ಮನಸ್ಸಿನಲ್ಲೇ ಉಳಿಯಲಿಲ್ಲ. ಖಚಿತ ಮಾಡಿಕೊಳ್ಳಲು ಹೊಟ್ಟೆಗೆ ಸೂಜಿ ಹಾಕಿ ಗರ್ಭಜಲ ತೆಗೆಯಬೇಕು. ಅದೇ 1986ರಲ್ಲಿ ಡೆನ್ಮಾರ್ಕಿನಲ್ಲಿ 4,606 ಹೆಂಗಸರ ಮೇಲೆ ನಡೆದ ಅಧ್ಯಯನವು ಸೂಜಿಯಿಂದ ನೂರಕ್ಕೆ ಒಂದರಷ್ಟು ಹೆಚ್ಚುವರಿ ಗರ್ಭಪಾತವಾಗುತ್ತದೆ ಎಂದಿತ್ತು. ತಾನಾಗಿ ಕರಗುವ ಗುಳ್ಳೆಗಾಗಿ ಚೆನ್ನಾಗಿದ್ದ ಕೂಸನ್ನೇ ಕಳೆದುಕೊಳ್ಳುವ ಸಂಭವ! ಸಾನ್ ಫ್ರಾನ್ಸಿಸ್ಕೋದ ರಾಯ್ ಫಿಲಿ 2000ದಲ್ಲಿ ಬರೆದ ಸಂಪಾದಕೀಯದ ತಲೆಬರಹದಲ್ಲೇ, ಬಸುರಿಯನ್ನು ದಿಗಿಲುಗೊಳಿಸಲು ಸ್ಕ್ಯಾನಿಂಗಿಗಿಂತ ಒಳ್ಳೆಯ ದಾರಿಯಿಲ್ಲ ಎಂದು ಚುಚ್ಚಿದರು. ಸ್ವತಃ ಸ್ಕ್ಯಾನಿಂಗ್ ತಜ್ಞರೇ ಹೀಗೆ ಬರೆದದ್ದು.

2009ರಲ್ಲಿ ಇಂಗ್ಲೆಂಡಿನ ಸರ್ಕಾರಿ ತಪಾಸಣಾ ಕಾರ್ಯಕ್ರಮ ಒಂದು ತೀರ್ಮಾನಕ್ಕೆ ಬಂತು. ಮಿದುಳಿನ ಈ ಗುಳ್ಳೆ, ಹೃದಯದಲ್ಲಿ ಹೊಳೆಯುವ ಚುಕ್ಕಿ, ಹೊಕ್ಕುಳಬಳ್ಳಿಯಲ್ಲಿ ಮೂರರ ಬದಲು ಎರಡೇ ರಕ್ತನಾಳ ಇಂಥವು ಒಂಟಿಯಾಗಿ ಕಂಡರೆ ವರದಿ ಮಾಡಬೇಕಿಲ್ಲ. ಕತ್ತಿನ ಹಿಂದಿನ ಚರ್ಮ ದಪ್ಪವಾಗಿರುವುದು, ಕರುಳು ಬೆಳ್ಳಗೆ ಕಾಣುವುದು ಮೊದಲಾದವನ್ನು ಮಾತ್ರ ಹೇಳಲೇಬೇಕು.

ನನಗೆ ಈ ತೀರ್ಮಾನ ಒಪ್ಪಿಗೆ, ಆದರೆ ಪೂರ್ತಿ ನೆಮ್ಮದಿಯಿಂದಲ್ಲ. 'ಪಾಪ, ಅವಳಿಗ್ಯಾಕೆ ಹೇಳಿ ಹೆದರಿಸೋದು' ಎಂಬ ದೊಡ್ಡವರ ಮೌನ ನಮಗೆ ಹೊಸದಲ್ಲ. ಅದು ಹೆಂಗಸಿನ ಧೈರ್ಯದ ಮೇಲಿನ ಅನುಮಾನ. 2009ರ ಮೌನ ಅದಲ್ಲ, ಅದು ಗುಳ್ಳೆಯ ಅರ್ಥದ ಮೇಲಿನ ಅನುಮಾನ, ಬರೆದು ಬಹಿರಂಗವಾಗಿಟ್ಟದ್ದು. ಆದರೂ ಅರ್ಥವಿದೆಯೋ ಇಲ್ಲವೋ ಎಂದು ನಿರ್ಧರಿಸಿದ್ದು ಸಮಿತಿ, ತಾಯಿಯಲ್ಲ. ನಮ್ಮ ಸ್ಕ್ಯಾನಿಂಗ್ ಸೆಂಟರುಗಳ ಗೋಡೆಯ ಬೋರ್ಡಿನಲ್ಲೂ ಒಂದು ಮೌನವಿದೆ, 1994ರ ಕಾನೂನಿನದು. ಅಲ್ಲಿ ಹೇಳಬಾರದ್ದು ಗಂಡೋ ಹೆಣ್ಣೋ ಎಂಬುದು. ಯಾಕೆ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಅಪಾಯ ಇರುವುದು ತಿಳಿದದ್ದನ್ನು ಹೇಳುವುದರಲ್ಲಿ. ಇಲ್ಲಿ, ತಿಳಿಯದ್ದನ್ನು ತಿಳಿದಂತೆ ಹೇಳುವುದರಲ್ಲಿ.

ಆರು ವರ್ಷಗಳ ನಂತರ, 2015ರಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟ್ ಬೇರೊಂದು ಮೌನದ ವಿಚಾರಣೆ ಮಾಡಿತು. ನಡೀನ್ ಮಾಂಟ್‌ಗಮರಿ ಅವರಿಗೆ ಸಕ್ಕರೆ ಕಾಯಿಲೆ, ಮೈಕಟ್ಟು ಚಿಕ್ಕದು. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ ನೂರಕ್ಕೆ ಒಂಬತ್ತು ಹತ್ತರಷ್ಟಿತ್ತು. ಹೇಳಿದರೆ ಸಿಸೇರಿಯನ್ ಕೇಳಿಬಿಡುತ್ತಾರೆಂದು ವೈದ್ಯರು ಹೇಳಿರಲಿಲ್ಲ. ಭುಜ ಸಿಕ್ಕಿಕೊಂಡು ಮಗುವಿಗೆ ಶಾಶ್ವತ ಹಾನಿಯಾಯಿತು. ಯಾವ ಅಪಾಯ ಮುಖ್ಯ ಎಂಬುದನ್ನು ರೋಗಿಯ ಜಾಗದಲ್ಲಿ ನಿಂತು ಅಳೆಯಬೇಕು ಎಂದಿತು ಕೋರ್ಟು. ಆ ಅಳತೆಗೋಲು ಗುಳ್ಳೆಗೂ ಅನ್ವಯಿಸುತ್ತದೆಯೇ? ಕಂಡ ಗುಳ್ಳೆಯನ್ನು ಹೇಳದೆ ಬಿಡುವ ಬದಲು, ಸ್ಕ್ಯಾನಿಂಗಿಗೆ ಮುಂಚೆಯೇ 'ಅರ್ಥವಿಲ್ಲದ ಚುಕ್ಕಿಗಳು ಕಾಣುತ್ತವೆ, ಅವನ್ನೂ ಹೇಳಬೇಕಾ?' ಎಂದು ಕೇಳಬಹುದಿತ್ತು ಅನಿಸುತ್ತದೆ.

ಅಮೆರಿಕದ ತಾಯಿ-ಭ್ರೂಣ ವೈದ್ಯರ ಸಂಘ 2021ರಲ್ಲಿ ಇನ್ನೊಂದು ದಾರಿ ಹಿಡಿಯಿತು. ತಾಯಿಯ ರಕ್ತಪರೀಕ್ಷೆಯಲ್ಲಿ ತೊಂದರೆ ಕಾಣದಿದ್ದರೆ ಗುಳ್ಳೆಯನ್ನು ಸಹಜ ವ್ಯತ್ಯಾಸವೆಂದು ತಿಳಿಸಿ ಮುಂದಿನ ತಪಾಸಣೆ ಬೇಡ ಎಂದಿತು. ಅದೇ ವರ್ಷದ ಏಪ್ರಿಲಿನಿಂದ ಅಲ್ಲಿ ಸ್ಕ್ಯಾನಿಂಗ್ ವರದಿಗಳನ್ನು ರೋಗಿಯಿಂದ ತಡೆಹಿಡಿಯದಂತೆ ನಿಯಮ ಬಂತು. ವೈದ್ಯರು ಹೇಳುವ ಮುಂಚೆ ಬಸುರಿಯೇ ಮೊಬೈಲಿನಲ್ಲಿ ಗುಳ್ಳೆಯ ಹೆಸರು ಓದಿಕೊಂಡಿರಬಹುದು.