ತೊಗಲು ಮುಟ್ಟಿದ ಕೈ

ಜಿಂಕೆಯ ತಲೆಯೊಂದನ್ನು ಟ್ರೋಫಿಯಾಗಿ ಗೋಡೆಗೆ ಏರಿಸಲು ಮೊದಲ ಸಲ ಕೈಹಾಕಿದವನನ್ನು ಹೆಚ್ಚು ಕಾಡುವುದು ಕೊಂಬಲ್ಲ, ಕಿವಿ. ಹೊರಗಿನಿಂದ ಎಲೆಯಷ್ಟು ತೆಳ್ಳಗೆ ಕಾಣುವ ಆ ಕಿವಿಯೊಳಗೆ ಮೃದ್ವಸ್ಥಿಯ ಒಂದು ಹಾಳೆಯಿದೆ. ಅದನ್ನು ಹಾಗೇ ಒಣಗಲು ಬಿಟ್ಟರೆ ಕಿವಿ ಸುಟ್ಟ ಹಪ್ಪಳದಂತೆ ಮುರುಟಿಕೊಳ್ಳುತ್ತದೆ. ಆದ್ದರಿಂದ ಕಿವಿಯ ಚರ್ಮವನ್ನು ಕಾಲುಚೀಲದಂತೆ ಒಳಗು ಹೊರಗು ಮಾಡಿ, ತುದಿಯವರೆಗೂ ಬಿಡಿಸಿ, ಮೃದ್ವಸ್ಥಿಯ ಜಾಗದಲ್ಲಿ ತೆಳುವಾದೊಂದು ಅಚ್ಚು ಕೂರಿಸಬೇಕು. ತುಟಿ, ಮೂಗಿನ ಹೊಳ್ಳೆ, ಕಣ್ಣರೆಪ್ಪೆಗಳನ್ನೂ ಹೀಗೆಯೇ ಒಳಗಿನಿಂದ ಸೀಳಿ ತೆಳುವಾಗಿಸಬೇಕು. ಚೂರು ಮಾಂಸ ಉಳಿದರೂ ಅಲ್ಲಿ ಕೊಳೆತು ಕೂದಲು ಉದುರುತ್ತದೆ.

ಉಳಿದದ್ದು ತಾಳ್ಮೆಯ ಕೆಲಸ. ಭುಜದ ಹಿಂದಿನಿಂದ ಸುಲಿದು ತಂದ ಚರ್ಮಕ್ಕೆ ಉಪ್ಪು ತಿಕ್ಕಿ ನೀರಿಳಿಸಬೇಕು, ಹದ ಮಾಡಬೇಕು. ಕಣ್ಣಿನ ಮೂಲೆಯಿಂದ ಮೂಗಿನ ತುದಿಗೆ ಎಷ್ಟು ದೂರ, ಕತ್ತಿನ ಸುತ್ತಳತೆ ಎಷ್ಟು ಎಂದು ಅಳೆದು, ಅದಕ್ಕೆ ಹೊಂದುವ ಪಾಲಿಯುರಿಥೇನ್ ಫೋಮಿನ ಆಕೃತಿ ತರಿಸಬೇಕು. ಗಾಜಿನ ಕಣ್ಣನ್ನು ಜೇಡಿಯಲ್ಲಿ ಕೂರಿಸಿ, ಅಂಟು ಬಳಿದು, ಚರ್ಮ ಹೊದಿಸಿ, ಕತ್ತಿನ ಹಿಂಬದಿಯಲ್ಲಿ ಹೊಲಿಗೆ ಹಾಕಬೇಕು. ಒಣಗುವಾಗ ಚರ್ಮ ಎಳೆದುಕೊಳ್ಳುವುದರಿಂದ ಗುಂಡುಸೂಜಿಗಳನ್ನು ಚುಚ್ಚಿಟ್ಟು ಕೆಲವು ವಾರ ಕಾಯಬೇಕು. ಕೊನೆಯಲ್ಲಿ, ಬಣ್ಣ ಕಳೆದುಕೊಂಡ ಮೂಗಿಗೆ ಮತ್ತೆ ಒದ್ದೆ ಕಪ್ಪು ಬಳಿಯಬೇಕು.

ಅಮೆರಿಕದಲ್ಲಿ ಪರವಾನಗಿ ಪಡೆದು ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವವರಲ್ಲಿ ಕೆಲವರು ಇದನ್ನೆಲ್ಲ ತಮ್ಮ ಮನೆಯ ಗ್ಯಾರೇಜಿನಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ನನಗೆ ಬೇಟೆಯಲ್ಲಿ ಆಸಕ್ತಿಯಿಲ್ಲ. ನನ್ನ ಕುತೂಹಲ ಕೆರಳಿಸಿದ್ದು ಬೇರೆ ಸಂಗತಿ: ಅಲ್ಲಿ ಕೊಂದ ಕೈಯೂ ಸುಲಿದ ಕೈಯೂ ಒಂದೇ. ನಮ್ಮ ಶಿಕಾರಿಯ ಚರಿತ್ರೆಯಲ್ಲಿ ಈ ಎರಡು ಕೈಗಳು ಒಂದಾದದ್ದು ತೀರ ಅಪರೂಪ. ಟ್ಯಾಕ್ಸಿಡರ್ಮಿಯ ಇತಿಹಾಸವನ್ನು ಈ ಎರಡು ಕೈಗಳ ಇತಿಹಾಸವಾಗಿ ಓದಬಹುದು ಎಂದು ನನಗನ್ನಿಸುತ್ತದೆ.

ಗ್ರೀಕ್ ಮೂಲದ ಆ ಪದದ ಅರ್ಥ ಚರ್ಮವನ್ನು ಒಪ್ಪವಾಗಿ ಜೋಡಿಸುವುದು ಎಂದು. ಮೊದಮೊದಲು ಜೋಡಣೆ ಎನ್ನುವಂಥದ್ದೇನೂ ಇರಲಿಲ್ಲ. ಚರ್ಮದ ಚೀಲಕ್ಕೆ ಹುಲ್ಲು, ಚಿಂದಿ ತುರುಕಿ ಹೊಲಿಯುತ್ತಿದ್ದರು. ಹುಳು ಹತ್ತಿ ಅದೂ ಬೇಗ ಹಾಳಾಗುತ್ತಿತ್ತು. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನ ಮೆಟ್ಸ್ ಊರಿನ ಔಷಧಿ ತಯಾರಕ ಜಾನ್ ಬ್ಯಾಪ್ಟಿಸ್ಟ್ ಬೆಕರ್ ಎಂಬಾತ ಸಾಬೂನು, ಕರ್ಪೂರ, ಸುಣ್ಣ, ಕ್ಷಾರಗಳ ಜೊತೆ ಆರ್ಸೆನಿಕ್ ಬೆರೆಸಿದ ಮುಲಾಮು ಕಂಡುಹಿಡಿದ. ಗುಟ್ಟಾಗಿಟ್ಟುಕೊಂಡಿದ್ದ ಆ ಪಾಕ ಅವನು ಸತ್ತ ಮೇಲೆ ಪ್ರಕಟವಾಗಿ ಎಲ್ಲೆಡೆ ಹಬ್ಬಿತು. ಚರ್ಮ ಉಳಿಯಿತು, ಆದರೆ ಅದನ್ನು ದಿನವೂ ಬಳಿಯುವ ಬೆರಳುಗಳಿಗೆ ವಿಷ ತಾಗಿತು. ಹಳೆಯ ಟ್ರೋಫಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ವಸ್ತುಸಂಗ್ರಹಾಲಯದವರು ಇವತ್ತಿಗೂ ಎಚ್ಚರಿಸುವುದು ಇದೇ ಕಾರಣಕ್ಕೆ.

ಈ ವಿದ್ಯೆಯನ್ನು ಕಲಿತವರಲ್ಲಿ ನಮಗೆಲ್ಲ ಗೊತ್ತಿರುವ ಒಬ್ಬ ಹುಡುಗನಿದ್ದಾನೆ. 1826ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದ ಚಾರ್ಲ್ಸ್ ಡಾರ್ವಿನ್ ಹಕ್ಕಿಗಳ ಚರ್ಮ ಸುಲಿದು ತುಂಬುವುದನ್ನು ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳು ಕಲಿತ. ಅದಕ್ಕೆ ಕೊಟ್ಟ ಶುಲ್ಕ ಒಂದು ಗಿನಿ. ಕಲಿಸಿದ ಗುರು ಜಾನ್ ಎಡ್ಮನ್‌ಸ್ಟನ್, ದಕ್ಷಿಣ ಅಮೆರಿಕದ ಗಯಾನಾದಲ್ಲಿ ಗುಲಾಮನಾಗಿದ್ದು ಬಿಡುಗಡೆ ಪಡೆದ ಕಪ್ಪು ಮನುಷ್ಯ. ಅಲ್ಲಿನ ಕಾಡಿನಲ್ಲಿ ಚಾರ್ಲ್ಸ್ ವಾಟರ್ಟನ್ ಎಂಬ ಇಂಗ್ಲಿಷ್ ನಿಸರ್ಗತಜ್ಞನಿಂದ ಕಲಿತ ವಿದ್ಯೆಯಿಂದಲೇ ಆತ ಎಡಿನ್‌ಬರೋದಲ್ಲಿ ಹೊಟ್ಟೆ ಹೊರೆಯುತ್ತಿದ್ದ. ಮುಂದೆ ಬೀಗಲ್ ಹಡಗಿನ ಪಯಣದಲ್ಲಿ ಹಕ್ಕಿಗಳ ಚರ್ಮಗಳನ್ನು ಕೆಡದಂತೆ ಊರಿಗೆ ತಲುಪಿಸಲು ಡಾರ್ವಿನ್‌ಗೆ ನೆರವಾದದ್ದು ಈ ಪಾಠ. ಜಗತ್ತಿಗೆ ಶಿಷ್ಯನ ಹೆಸರು ಗೊತ್ತಾಯಿತು. ಗುರುವಿನ ಹೆಸರು ಹೊರಬರಲು ಬಹಳ ಕಾಲ ಹಿಡಿಯಿತು.

ಹುಲ್ಲು ತುಂಬುವ ಕಸುಬನ್ನು ಶಿಲ್ಪವನ್ನಾಗಿ ಮಾಡಿದವರಲ್ಲಿ ಮುಖ್ಯ ಹೆಸರು ಅಮೆರಿಕದ ಕಾರ್ಲ್ ಏಕ್ಲಿ. ಹುಡುಗನಾಗಿದ್ದಾಗ ಸತ್ತುಹೋದ ಒಂದು ಕ್ಯಾನರಿ ಹಕ್ಕಿಯನ್ನು ಸಿದ್ಧಪಡಿಸಿದ್ದು ಅವನ ಮೊದಲ ಕೆಲಸ. ಪ್ರಾಣಿಯ ಅಳತೆ ಹಿಡಿದು, ಮೂಳೆಯ ಹಂದರದ ಮೇಲೆ ಜೇಡಿಯಲ್ಲಿ ಒಂದೊಂದು ಸ್ನಾಯುವನ್ನೂ ತಿದ್ದಿ, ಅದರ ಅಚ್ಚು ತೆಗೆದು, ಅಚ್ಚಿನಿಂದ ಹಗುರವಾದ ಟೊಳ್ಳು ಆಕೃತಿ ಮಾಡಿ, ಅದರ ಮೇಲೆ ಚರ್ಮ ಹೊದಿಸುವುದು ಅವನ ದಾರಿ. ಚರ್ಮದೊಳಗೆ ಏನನ್ನೋ ತುಂಬುವ ಬದಲು ಪ್ರಾಣಿಯನ್ನೇ ಒಳಗಿನಿಂದ ಕಟ್ಟಿ ಆಮೇಲೆ ಚರ್ಮ ಉಡಿಸಿದ. ಈಗ ಮನೆಯಲ್ಲಿ ಜಿಂಕೆ ತಲೆ ಮಾಡುವವರು ತರಿಸಿಕೊಳ್ಳುವ ಫೋಮಿನ ಆಕೃತಿ ಈ ಯೋಚನೆಯ ಮೊಮ್ಮಗು.

ಏಕ್ಲಿಯ ಹೆಸರುವಾಸಿ ಕೃತಿಗಳಲ್ಲೊಂದು ಜಿಂಕೆಗಳದ್ದೇ. ಬಿಳಿಬಾಲದ ಜಿಂಕೆಯ ಸಂಸಾರವನ್ನು ನಾಲ್ಕು ಋತುಗಳಲ್ಲಿ ತೋರಿಸುವ ನಾಲ್ಕು ದೃಶ್ಯಗಳನ್ನು ಅವನು ಸ್ವಂತ ಖರ್ಚಿನಲ್ಲಿ ವರ್ಷಗಟ್ಟಲೆ ದುಡಿದು ಮಾಡಿದ. 1902ರಲ್ಲಿ ಶಿಕಾಗೋದ ಫೀಲ್ಡ್ ಮ್ಯೂಸಿಯಂ ಅವನ್ನು ಕೊಂಡುಕೊಂಡಿತು. ಆ ದೃಶ್ಯಗಳ ಮರಗಿಡಗಳಲ್ಲಿ ಮೇಣದಿಂದ ಮಾಡಿದ ಸಾವಿರಾರು ಎಲೆಗಳಿವೆ. ಆ ಎಲೆಗಳ ಹಿಂದಿನ ಕೈ ಹೆಂಡತಿ ಡೀಲಿಯಾಳದು. ಕೀರ್ತಿಯ ಪಾಲು ಮಾತ್ರ ಕಾರ್ಲ್‌ನದು.

ಇದೇ ಹೊತ್ತಿಗೆ, 1903ರಲ್ಲಿ, ನೆಬ್ರಾಸ್ಕದ ಒಮಾಹಾ ನಗರದಲ್ಲಿ ಅಂಚೆಯ ಮೂಲಕ ಟ್ಯಾಕ್ಸಿಡರ್ಮಿ ಕಲಿಸುವ ಶಾಲೆಯೊಂದು ಶುರುವಾಯಿತು. ನಾರ್ತ್‌ವೆಸ್ಟರ್ನ್ ಸ್ಕೂಲ್ ಆಫ್ ಟ್ಯಾಕ್ಸಿಡರ್ಮಿ ಅದರ ಹೆಸರು. ಪುಸ್ತಿಕೆಗಳಲ್ಲಿ 40 ಪಾಠಗಳು ಮನೆಗೆ ಬರುತ್ತಿದ್ದವು. ಪಾರಿವಾಳದಂಥ ಸುಲಭಕ್ಕೆ ಸಿಗುವ ಹಕ್ಕಿಯಿಂದ ಕಲಿಕೆ ಶುರು, ಜಿಂಕೆಯ ತಲೆ ಆಮೇಲೆ. ಬೇಟೆ, ಮೀನು ಹಿಡಿಯುವಿಕೆಯ ಪತ್ರಿಕೆಗಳ ಜಾಹೀರಾತು ನೋಡಿ ಸೇರಿದವರಲ್ಲಿ ಹಳ್ಳಿಗಾಡಿನ ಹುಡುಗರು ಬಹಳ. ಹೊಲದಲ್ಲಿ ಕೆಲಸ ಮುಗಿಸಿ ಬಂದ ರೈತನ ಮಗ ಕೊಟ್ಟಿಗೆಯಲ್ಲಿ ಕೂತು, ತಾನೇ ಹೊಡೆದ ಜಿಂಕೆಯ ಚರ್ಮ ಕೆರೆಯುವುದರಲ್ಲಿ ಅಲ್ಲಿ ಯಾರಿಗೂ ಅವಮಾನ ಕಾಣಲಿಲ್ಲ. ಕೈ ತೊಳೆದುಕೊಂಡು ಊಟಕ್ಕೆ ಕೂತರೆ ಅಲ್ಲಿಗೆ ಮುಗಿಯಿತು.

ಈಗ ಮೈಸೂರಿಗೆ ಬರೋಣ. ಒಮಾಹಾ ಶಾಲೆ ಹುಟ್ಟಿದ ಕಾಲದಲ್ಲೇ, 1900ರ ಸುಮಾರಿಗೆ, ಡಚ್ ಮೂಲದ ಯೂಜೀನ್ ವ್ಯಾನ್ ಇಂಗೆನ್ ಮೈಸೂರಿನಲ್ಲಿ ಟ್ಯಾಕ್ಸಿಡರ್ಮಿ ಕಾರ್ಖಾನೆ ಶುರುಮಾಡಿದರು. ಮುಂದೆ ಅದನ್ನು ನಡೆಸಿದ ಮಕ್ಕಳ ಹೆಸರು ಬೋಥಾ, ಡಿ ವೆಟ್, ಜೂಬರ್ಟ್. ಮೂರೂ ದಕ್ಷಿಣ ಆಫ್ರಿಕಾದ ಬೋಯರ್ ಸೇನಾನಿಗಳ ಹೆಸರುಗಳು. ಬ್ರಿಟಿಷ್ ಅಧಿಕಾರಿಗಳು, ಮಹಾರಾಜರು, ಹೊರದೇಶದ ಶಿಕಾರಿಗಳು ದೇಶದ ಮೂಲೆಮೂಲೆಯಿಂದ ಹುಲಿ, ಚಿರತೆ, ಕಾಟಿ, ಕಡವೆ, ಜಿಂಕೆಗಳ ಚರ್ಮಗಳನ್ನು ಇಲ್ಲಿಗೆ ಕಳಿಸುತ್ತಿದ್ದರು. ಕಾಡಿನಲ್ಲಿ ಚರ್ಮವನ್ನು ಕೆಡದಂತೆ ಕಾಪಾಡುವುದು ಹೇಗೆ ಎಂದು ಬೇಟೆಗಾರರಿಗೆ ತಿಳಿಸುವ ಪುಸ್ತಿಕೆಯನ್ನೂ ಕಂಪನಿ ಹೊರತಂದಿತ್ತು. ಬೇರೆ ಬೇರೆ ಅಳತೆಯ ಅಚ್ಚುಗಳಲ್ಲಿ ಕಾಗದದ ರೊಟ್ಟಿನ ಆಕೃತಿಗಳನ್ನು ಎರಕ ಹೊಯ್ದಂತೆ ತಯಾರಿಸಿ, ಅವುಗಳ ಮೇಲೆ ಚರ್ಮ ಕೂರಿಸುವುದು ಅವರ ಕ್ರಮ. ಕಂಪನಿಯ ದಾಖಲೆಗಳನ್ನು ಅಭ್ಯಾಸ ಮಾಡಿದ ಪ್ಯಾಟ್ ಮಾರಿಸ್ ಅವರ ಲೆಕ್ಕದ ಪ್ರಕಾರ ಅಲ್ಲಿ ಸಿದ್ಧವಾದ ಹುಲಿ ಮತ್ತು ಚಿರತೆಗಳೇ 43,000ಕ್ಕೂ ಹೆಚ್ಚು. ಏರುಕಾಲದಲ್ಲಿ ಸುಮಾರು 150 ಜನ ಕೆಲಸ ಮಾಡುತ್ತಿದ್ದರು.

ಆ 150 ಜನರ ಬಗ್ಗೆ ನಾನು ಯೋಚಿಸುತ್ತೇನೆ. ಹುಲಿಯ ಬಾಯಿ ತೆರೆದು ನಾಲಿಗೆ ಕೂರಿಸಿದವರು, ಕಡವೆಯ ರೆಪ್ಪೆ ತಿದ್ದಿದವರು, ಜಿಂಕೆಯ ಕಿವಿಯನ್ನು ತುದಿಯವರೆಗೆ ಬಿಡಿಸಿದವರು ಅವರು. ಟ್ರೋಫಿಯ ಕೆಳಗಿನ ಫಲಕದಲ್ಲಿ ಇರುವುದು ಕೊಂದವನ ಹೆಸರು, ಊರು, ಇಸವಿ. ಹೆಚ್ಚೆಂದರೆ ಕಂಪನಿಯ ಹೆಸರು. ಹೊಲಿದವನ ಹೆಸರಿಗೆ ಅಲ್ಲಿ ಜಾಗವಿಲ್ಲ. ಒಮಾಹಾದ ಹುಡುಗನಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಗುಂಡು ಅವನದು, ಹೊಲಿಗೆಯೂ ಅವನದು, ಹೊಲಿಗೆ ಸೊಟ್ಟಗಾದರೆ ನಗೆಪಾಟಲೂ ಅವನದೇ.

ಇದಕ್ಕೆ ಸಾಹೇಬರನ್ನಷ್ಟೇ ದೂರಿ ಸುಮ್ಮನಾಗುವಂತಿಲ್ಲ. ತೊಗಲಿನ ವಿಷಯದಲ್ಲಿ ನಮ್ಮದೇ ಒಂದು ಹಳೆಯ ಲೆಕ್ಕವಿದೆ. ಉಪನಯನದಲ್ಲಿ ವಟುವಿನ ಜನಿವಾರಕ್ಕೆ ಕೃಷ್ಣಾಜಿನದ ತುಂಡು ಕಟ್ಟುತ್ತೇವೆ. ಜಪಕ್ಕೆ ಕೂರುವವರಿಗೆ ಜಿಂಕೆಯ ಚರ್ಮ ಶ್ರೇಷ್ಠ ಆಸನ ಎನ್ನುತ್ತೇವೆ. ಆದರೆ ಸತ್ತ ಪ್ರಾಣಿಯ ತೊಗಲು ಸುಲಿದು ಹದ ಮಾಡುವ ಕೆಲಸವನ್ನು ಕೆಲವು ಜಾತಿಗಳ ಹೆಗಲಿಗೆ ಹೇರಿ, ಆ ಕೆಲಸ ಮಾಡಿದ್ದಕ್ಕೇ ಅವರನ್ನು ಊರಾಚೆ ಇಟ್ಟೆವು. ಸಿದ್ಧವಾದ ಚರ್ಮ ಮಡಿ, ಸಿದ್ಧಮಾಡಿದ ಕೈ ಮೈಲಿಗೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಶರಣರು ಸಮಗಾರ ಹರಳಯ್ಯನನ್ನು ಸಾಲಿನಲ್ಲಿ ಕೂರಿಸಿಕೊಂಡರು. ಅವನು ತನ್ನ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಚಮ್ಮಾವುಗೆ ಮಾಡಿದನೆಂಬ ಕಥೆಯನ್ನು ನಾವು ಭಕ್ತಿಯಿಂದ ಹೇಳುತ್ತ ಬಂದಿದ್ದೇವೆ. ಕಥೆ ಹೇಳಿದಷ್ಟು ಸಲೀಸಾಗಿ ಆ ಕಸುಬಿನವರನ್ನು ಮನೆಯೊಳಗೆ ಕರೆದಿದ್ದೇವೆಯೆ ಎಂಬುದು ಬೇರೆ ಮಾತು.

ಅರಮನೆಗೂ ಬಂಗಲೆಗೂ ದೂರವಾದ ಟ್ಯಾಕ್ಸಿಡರ್ಮಿಯೊಂದು ನಮ್ಮ ಹಟ್ಟಿಗಳಲ್ಲೇ ಇತ್ತು ಎಂಬುದನ್ನೂ ಮರೆಯಬಾರದು. ಕರು ಸತ್ತಾಗ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದರು. ಹಸು ಅದನ್ನು ಮೂಸಿ, ನೆಕ್ಕಿ, ಸೊರೆಬಿಟ್ಟು ಹಾಲು ಕೊಡುತ್ತಿತ್ತು. ಮುಂಬೈಯ ಎಮ್ಮೆ ತಬೇಲಗಳಲ್ಲೂ ಈ ಪದ್ಧತಿಯಿತ್ತು. ಅದಕ್ಕೆ ಗಾಜಿನ ಕಣ್ಣು ಬೇಕಿರಲಿಲ್ಲ, ವಾಸನೆ ಸಾಕಿತ್ತು. ಆ ಹಾಲು ಎಲ್ಲರ ಮನೆಗೂ ಹೋಗುತ್ತಿತ್ತು. ಕರುವನ್ನು ಸುಲಿದವನಿಗೆ ಆ ಮನೆಗಳೊಳಗೆ ಪ್ರವೇಶವಿರಲಿಲ್ಲ.

ಎರಡು ಕೈಗಳು ಒಂದಾದ ನಿದರ್ಶನ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. 1908ರಲ್ಲಿ ಮುಂಬೈಯ ಒಬ್ಬ ಹುಡುಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕೊರಳಿನಲ್ಲಿ ಹಳದಿ ಮಚ್ಚೆ ಕಂಡು, ಅದನ್ನು ಹಿಡಿದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಕಾರ್ಯದರ್ಶಿ ಮಿಲ್ಲಾರ್ಡ್ ಅವನಿಗೆ ಹಕ್ಕಿ ಗುರುತಿಸಿ ಹೇಳಿದ್ದಲ್ಲದೆ, ಅಲ್ಲಿ ಜೋಡಿಸಿಟ್ಟಿದ್ದ ನೂರಾರು ಹಕ್ಕಿಚರ್ಮಗಳನ್ನು ತೋರಿಸಿದರು. ಹುಡುಗ ಸುಲಿಯುವುದನ್ನೂ ಕಾಪಿಡುವುದನ್ನೂ ಕಲಿತ. ಅವರೇ ಸಲೀಂ ಅಲಿ. ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಅವರೇ. ಹಕ್ಕಿಯ ಒಳಹೊರಗನ್ನು ಸ್ವಂತ ಬೆರಳುಗಳಿಂದ ತಿಳಿದವರು ಅದರ ಕಾವಲಿಗೆ ನಿಂತರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೈಸೂರಿನ ಕಾರ್ಖಾನೆಯ ಕೆಲಸ ಸೊರಗಿತು. 1990ರ ದಶಕದ ಕೊನೆಗೆ ಬಾಗಿಲು ಮುಚ್ಚಿತು. ಜೂಬರ್ಟ್ ವ್ಯಾನ್ ಇಂಗೆನ್ 2013ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಿತ್ತು. ಈಗ ಭಾರತದಲ್ಲಿ ಪರವಾನಗಿಯಿಲ್ಲದೆ ವನ್ಯಪ್ರಾಣಿಗಳ ಟ್ಯಾಕ್ಸಿಡರ್ಮಿ ನಡೆಸುವಂತಿಲ್ಲ. ಜಿಂಕೆ ತಾನಾಗಿ ಸತ್ತು ಬಿದ್ದಿದ್ದರೂ ಅದು ಸರ್ಕಾರದ ಸ್ವತ್ತು. ಅದು ಸರಿಯೇ. ಮೊದಲ ಸಲ ಕೈಹಾಕುವ ಆಸೆಯಿಂದ ಗ್ಯಾರೇಜಿನಲ್ಲಿ ಜಿಂಕೆ ಇಟ್ಟುಕೊಳ್ಳುವ ಕಥೆ ನಮ್ಮದಲ್ಲ, ಆಗಲೂಬಾರದು.

ಆದರೆ ವಿದ್ಯೆ ಸತ್ತಿಲ್ಲ. ಮುಂಬೈಯ ಬೋರಿವಲಿಯಲ್ಲಿ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ, 2009ರಿಂದ ಟ್ಯಾಕ್ಸಿಡರ್ಮಿ ಕೇಂದ್ರವೊಂದಿದೆ. ಅದರ ಹಿಂದಿರುವವರು ಪಶುವೈದ್ಯ ಡಾ. ಸಂತೋಷ್ ಗಾಯಕ್ವಾಡ್, ಈ ಕೆಲಸವನ್ನು ತಾವಾಗಿ ಕಲಿತವರು. ಅಲ್ಲಿಗೆ ಬರುವುದು ಮೃಗಾಲಯಗಳಲ್ಲೋ ಕಾಡಿನಲ್ಲೋ ಸತ್ತ ಪ್ರಾಣಿಗಳು. ಕೊಂದವರ ಹೆಸರಿನ ಫಲಕದ ಅಗತ್ಯ ಅಲ್ಲಿಲ್ಲ. ಈ ಕೆಲಸಕ್ಕೆ ಶರೀರಶಾಸ್ತ್ರ ಬೇಕು, ಶಿಲ್ಪಿಯ ಕಣ್ಣು ಬೇಕು, ಬಡಗಿಯ ಅಳತೆ ಬೇಕು, ಚಿತ್ರಕಾರನ ಬಣ್ಣ ಬೇಕು, ಚಮ್ಮಾರನ ಹೊಲಿಗೆ ಬೇಕು. ಎಷ್ಟೇ ಓದಿದ ವೈದ್ಯನಾದರೂ ಕೊನೆಯದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಹಳೆಯ ಬಂಗಲೆಯಲ್ಲೋ ವಸ್ತುಸಂಗ್ರಹಾಲಯದಲ್ಲೋ ಇಂಥದೊಂದು ತಲೆ ಕಂಡಾಗ ನಾವು ಫಲಕ ಓದಿ ಮುಂದೆ ಹೋಗುತ್ತೇವೆ. ಒಂದು ನಿಮಿಷ ನಿಂತು ಕಿವಿಯ ಅಂಚನ್ನೂ ರೆಪ್ಪೆಯ ಮಡಿಕೆಯನ್ನೂ ನೋಡಬಹುದು. ಹೊಲಿಗೆ ಕತ್ತಿನ ಹಿಂದಿರುತ್ತದೆ, ಗೋಡೆಯ ಕಡೆಗೆ.