ಪ್ಯಾರಿಸ್ ಕಳೆದುಕೊಂಡ ಹೆಸರು

ಹೆಲೆನಳನ್ನು ಸ್ಪಾರ್ಟಾದಿಂದ ಕರೆದೊಯ್ದು ಟ್ರಾಯ್ ಯುದ್ಧಕ್ಕೆ ಕಾರಣನಾದ ಪ್ಯಾರಿಸ್‌ಗೆ ಇನ್ನೊಂದು ಹೆಸರಿತ್ತು: ಅಲೆಕ್ಸಾಂಡ್ರೋಸ್. ಹೋಮರನ ‘ಇಲಿಯಡ್’ ಅವನನ್ನು ಹೆಚ್ಚಾಗಿ ಕರೆಯುವುದು ಈ ಹೆಸರಿನಿಂದಲೇ. ಗ್ರೀಕಿನಲ್ಲಿ ‘ಅಲೆಕ್ಸೋ’ ಎಂದರೆ ತಡೆ, ಕಾಪಾಡು. ‘ಆಂಡ್ರೋಸ್’ ಎಂಬುದು ಗಂಡಸು ಎಂಬರ್ಥದ ‘ಆನೇರ್’ ಪದದ ಷಷ್ಠೀ ರೂಪ. ಎರಡೂ ಕೂಡಿದರೆ ಜನರನ್ನು ಕಾಯುವವನು. ಇಡಾ ಬೆಟ್ಟದಲ್ಲಿ ಬಿಟ್ಟುಬಂದ ಮಗು ದನಗಾಹಿಗಳ ನಡುವೆ ಬೆಳೆದು, ಕಳ್ಳರನ್ನು ಅಟ್ಟಿ ಮಂದೆಯನ್ನು ಕಾದದ್ದರಿಂದ ಈ ಹೆಸರು ಬಂತೆಂದು ಅಪೊಲೊಡೋರಸನದೆನ್ನಲಾದ ಪುರಾಣಸಂಗ್ರಹ ಹೇಳುತ್ತದೆ. ಆದರೆ ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ‘ಇಲಿಯಡ್’ನ ಮೂರನೆಯ ಸರ್ಗದಲ್ಲಿ ಹೆಲೆನಳ ಗಂಡ ಮೆನೆಲಾಸನೊಡನೆ ದ್ವಂದ್ವಯುದ್ಧಕ್ಕಿಳಿದ ಅವನನ್ನು ಅಫ್ರೋಡೈಟಿ ದೇವಿಯೇ ಮಂಜು ಕವಿಸಿ ಪಾರುಮಾಡಬೇಕಾಯಿತು.

ಹೆಸರು ಹೋಮರನಿಗಿಂತ ಹಳೆಯದು. ಮೈಸೀನೆಯಲ್ಲಿ ಸಿಕ್ಕ ಮಣ್ಣಿನ ಫಲಕವೊಂದರ ಮೇಲೆ, ಲೀನಿಯರ್ ಬಿ ಲಿಪಿಯಲ್ಲಿ, ‘ಅ-ರೆ-ಕ-ಸ-ದ-ರ’ ಎಂಬ ಹೆಣ್ಣಿನ ಹೆಸರಿದೆ. ಆ ಲಿಪಿಯಲ್ಲಿ ರಕಾರ, ಲಕಾರಗಳಿಗೆ ಬೇರೆ ಬೇರೆ ಚಿಹ್ನೆಗಳಿಲ್ಲ, ಇವಳು ಅಲೆಕ್ಸಾಂಡ್ರಾ. ಹಿಟೈಟರ ರಾಜಧಾನಿ ಹತ್ತುಸಾದಲ್ಲಿ ದೊರೆತ, ಸುಮಾರು ಕ್ರಿ.ಪೂ. 1280ರ ಒಪ್ಪಂದವು ದೊರೆ ಮುವತಲ್ಲಿ ಮತ್ತು ವಿಲುಸಾದ ಅರಸ ಅಲಕ್ಸಂದುವಿನ ನಡುವಿನದು. ವಿಲುಸಾವೇ ಇಲಿಯೋಸ್, ಅಂದರೆ ಟ್ರಾಯ್, ಎಂದು ಬಹುಪಾಲು ವಿದ್ವಾಂಸರ ಮತ. ಹಾಗೆಂದು ಅಲಕ್ಸಂದುವೇ ಪ್ಯಾರಿಸ್ ಆಗಬೇಕಿಲ್ಲ. ಕಥೆಯ ಪ್ಯಾರಿಸ್ ಪಟ್ಟವೇರಿದವನಲ್ಲ.

ಮ್ಯಾಸಿಡೋನಿಯದ ಅರಮನೆಯಲ್ಲಿ ಪರ್ಷಿಯನ್ ಯುದ್ಧಗಳ ಕಾಲಕ್ಕೇ ಒಬ್ಬ ಅಲೆಕ್ಸಾಂಡರ್ ಇದ್ದ. ಜಗತ್ತು ಬಲ್ಲವನು ಆ ವಂಶದ ಮೂರನೆಯ ಅಲೆಕ್ಸಾಂಡರ್. ಕ್ರಿ.ಪೂ. 334ರಲ್ಲಿ ಏಷ್ಯಾಕ್ಕೆ ದಾಟಿ ಟ್ರಾಯ್ ನೋಡಲು ಹೋದಾಗ, ಪ್ಯಾರಿಸನ ಲೈರ್ ವಾದ್ಯ ತೋರಿಸಲೇ ಎಂದು ಯಾರೋ ಕೇಳಿದರಂತೆ. ಅದು ಬೇಡ, ಅಕಿಲೀಸ್ ವೀರರ ಕೀರ್ತಿಯನ್ನು ಹಾಡಿದ ಲೈರ್ ಇದ್ದರೆ ನೋಡುತ್ತೇನೆ ಎಂದು ಅವನು ಹೇಳಿದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಹೆಸರು ಹಂಚಿಕೊಂಡವನ ಮೇಲೆ ಅವನಿಗೆ ಮಮತೆಯಿರಲಿಲ್ಲ. ಮುಂದಿನ ಹತ್ತೇ ವರ್ಷಗಳಲ್ಲಿ ಆ ಹೆಸರನ್ನು ಅವನು ತನ್ನದಾಗಿಸಿಕೊಂಡ. ಟ್ರಾಯ್‌ನ ರಾಜಕುಮಾರ ಬರೀ ಪ್ಯಾರಿಸ್ ಆಗಿ ಉಳಿದ.

ಅಶೋಕನ ಹದಿಮೂರನೆಯ ಬಂಡೆಗಲ್ಲು ಶಾಸನ ಯವನ ದೊರೆಗಳ ಸಾಲಿನಲ್ಲಿ ‘ಅಲಿಕಸುದರ’ನನ್ನು ಹೆಸರಿಸುತ್ತದೆ. ಅವನು ಎಪಿರಸ್‌ನವನೋ ಕಾರಿಂತ್‌ನವನೋ ಎಂಬ ಚರ್ಚೆಯಿದೆ. ದಿಗ್ವಿಜಯಿ ಅಲೆಕ್ಸಾಂಡರನಂತೂ ಅಲ್ಲ, ಅವನು ಸತ್ತು ಆಗಲೇ ಅರ್ಧ ಶತಮಾನ ದಾಟಿತ್ತು. ಈ ಹೆಸರು ಅರಬ್ಬಿಗೆ ಹೋದಾಗ ಮೊದಲಿನ ‘ಅಲ್’ ಆ ಭಾಷೆಯ ಉಪಪದದಂತೆ ಕೇಳಿಸಿ ಬೇರ್ಪಟ್ಟಿತು. ‘ಕ್ಸ’ ತಿರುಗಿ ‘ಸ್ಕ’ ಆಯಿತು. ಹೀಗೆ ಹುಟ್ಟಿದ ‘ಇಸ್ಕಂದರ್’, ಪಾರಸಿಯ ಮೂಲಕ ‘ಸಿಕಂದರ್’ ಆಗಿ ನಮ್ಮ ನಾಡಿಗೂ ಬಂತು. ಅಷ್ಟರಲ್ಲಿ ಕಾಯುವವನೆಂಬ ಧಾತ್ವರ್ಥ ಅಳಿದು, ಗೆಲ್ಲುವವನೆಂಬ ಹೊಸ ಅರ್ಥ ಒಬ್ಬನೇ ಮನುಷ್ಯನಿಂದಾಗಿ ಅಲ್ಲಿ ನೆಲೆಗೊಂಡಿತ್ತು.

ಬಿಜಾಪುರದ ಆದಿಲ್‌ಶಾಹಿಯ ಕೊನೆಯ ಸುಲ್ತಾನನ ಹೆಸರೂ ಸಿಕಂದರ್. 1672ರಲ್ಲಿ ಎಳವೆಯಲ್ಲೇ ಪಟ್ಟಕ್ಕೆ ಬಂದ ಅವನು 1686ರಲ್ಲಿ ಔರಂಗಜೇಬನಿಗೆ ಊರು ಒಪ್ಪಿಸಿದ. ಹೆಸರಿನ ಹಳೆಯ ಅರ್ಥವೂ ಹೊಸ ಅರ್ಥವೂ ಅವನ ಕೈಹಿಡಿಯಲಿಲ್ಲ.